ಕೆಂಚವ್ವನ ಬಾಲದ ಒಂದು ಹನಿ

ಒಂದು ಕುರುಚಲು ಕಾಡಿನಲ್ಲಿ ಕೆಂಚವ್ವ ಎಂಬ ಉಡ ಇದ್ದಳು. ಸುಳ್ಳಲ್ಲ, ಆ ಕಾಡಿಗೆ ದಾರಿ ಮಾತ್ರ ಕೇಳಬೇಡಿ. ಕೆಂಚವ್ವನಿಗೆ ಒಂದೇ ಹಂಬಲ, ಒಮ್ಮೆಯಾದರೂ ಮೊಟ್ಟೆ ಇಡಬೇಕು. ಬೇರೆಯವರ ಮರಿಗಳು ಬಂಡೆಯ ಮೇಲೆ ಬಿಸಿಲು ಕಾಯಿಸುವಾಗ ಅವಳು ದೂರದಲ್ಲಿ ಕೂತು, ನಾಲಿಗೆ ಚಾಚಿ, ಅವುಗಳ ವಾಸನೆಯನ್ನಷ್ಟೇ ಸವಿಯುತ್ತಿದ್ದಳು.

ಪ್ರತಿ ಬೇಸಿಗೆ ಅಲ್ಲಿಗೆ ಸಂಶೋಧಕರು ಬರುತ್ತಿದ್ದರು. ಉಡವನ್ನು ಹಿಡಿದ ಕೂಡಲೇ ಬಾಲದಿಂದ ಚೂರು ರಕ್ತ ತೆಗೆದು ಬಿಟ್ಟುಬಿಡುತ್ತಿದ್ದರು. ರಕ್ತದಲ್ಲಿ ಹಾರ್ಮೋನು ಎಷ್ಟಿದೆ ಎಂದು ನೋಡಿದರೆ, ಹೊಟ್ಟೆ ಮುಟ್ಟದೆಯೇ ಮೊಟ್ಟೆಯ ಸುದ್ದಿ ತಿಳಿಯುತ್ತಿತ್ತು.

"ಬೇಗ, ಬೇಗ! ತಡವಾದ್ರೆ ರಕ್ತಕ್ಕೆ ಭಯ ಸೇರುತ್ತೆ, ಲೆಕ್ಕ ಕೆಡುತ್ತೆ!" ಎಂದು ಅವರ ಹಿರಿಯಕ್ಕ ಗದರುತ್ತಿದ್ದಳು. ಕೆಂಚವ್ವನ ಸರದಿ ಬಂದರೆ ಪ್ರತಿ ಸಲ ಅದೇ ಮಾತು: "ಪಾಪ, ಇವಳಿಗೆ ಈ ವರ್ಷವೂ ಇಲ್ಲ."

ಆ ವರ್ಷ ಮಾತ್ರ ಕೆಂಚವ್ವನ ರಕ್ತ ನೋಡಿದಾಗ ಸಂಶೋಧಕರ ಗುಡಾರದೊಳಗಿಂದ ಕೂಗು ಕೇಳಿತು. "ಹಾರ್ಮೋನು ಏರಿದೆ ಕಣ್ರೇ! ಇವಳು ತಾಯಿ ಆಗ್ತಾಳೆ!"

ಗುಡಾರದ ಹಿಂದೆ ಕೆಂಚವ್ವ ಕೇಳಿಸಿಕೊಂಡಳು. ಪೊದೆಯ ಹಿಂದೆ ನರಿ ಗುಳ್ಳಪ್ಪನೂ ಕೇಳಿಸಿಕೊಂಡ.

ಕೆಂಚವ್ವ ಹುತ್ತದೊಳಗೆ ಮೊಟ್ಟೆ ಇಟ್ಟು ಮಣ್ಣು ಮೆತ್ತಿದಳು. ಉಡಗಳ ಪದ್ಧತಿಯಂತೆ ಸುತ್ತಲೂ ಹುಸಿ ತೂತುಗಳನ್ನೂ ತೋಡಿದಳು. ಎಲ್ಲವನ್ನೂ ಅಗೆಯುವುದು ಗುಳ್ಳಪ್ಪನ ಮನೆತನಕ್ಕೇ ಆಗದ ಕೆಲಸ. ಅವನು ಹಲ್ಲು ಕಿರಿಯುತ್ತ ಬಂದ.

"ಬಾಣಂತಿ ಅಕ್ಕಾ! ನಾನೂ ರಕ್ತವಿದ್ಯೆ ಕಲ್ತಿದ್ದೀನಿ. ಒಂದು ಹನಿ ಕೊಡು, ಮೊಟ್ಟೆಯಲ್ಲಿ ಜೀವ ಇದೆಯೋ ಇಲ್ವೋ ಹೇಳಿಬಿಡ್ತೀನಿ."

ಜೀವ ಇದೆಯೋ ಇಲ್ಲವೋ! ಆ ಮಾತು ಅವಳ ಎದೆಗೆ ನಾಟಿತು. ನಡುಗುತ್ತ ಬಾಲ ಚಾಚಿದಳು. ಗುಳ್ಳಪ್ಪ ಬಾಲವನ್ನು ಅದುಮಿ ಹಿಡಿದು, ಹುತ್ತದ ನೆರಳು ಪಕ್ಕ ಬದಲಿಸುವವರೆಗೂ ಹರಟಿದ. ಆಮೇಲೆ ಚುಚ್ಚಿ ನೆಕ್ಕಿದ.

"ಆಹಾ! ಬರೀ ನೆಮ್ಮದಿ ಅಕ್ಕ, ಭಯದ ಸುಳಿವೇ ಇಲ್ಲ! ಮರಿಗಳೂ ಗಟ್ಟಿ. ಕಾವಲು ಕಾಯ್ತೀನಿ, ಯಾವ ತೂತು ತೋರ್ಸು."

ಕೆಂಚವ್ವನ ಎದೆ ಇನ್ನೂ ಡವಡವ ಎನ್ನುತ್ತಿತ್ತು. 'ತಡವಾದ್ರೆ ರಕ್ತಕ್ಕೆ ಭಯ ಸೇರುತ್ತೆ ಅಂತಿದ್ಲು ಆ ಹಿರಿಯಕ್ಕ. ಇಷ್ಟು ಹೊತ್ತು ನರಿಯ ಕೈಗೆ ಬಾಲ ಕೊಟ್ಟಿದ್ದೀನಿ. ನನ್ನ ರಕ್ತದಲ್ಲಿ ಭಯ ಇಲ್ಲವಂತೆ!' ಎಂದುಕೊಂಡಳು.

"ಅಗೋ ತಮ್ಮಾ, ಹುತ್ತದ ಬುಡದಲ್ಲಿರೋ ದೊಡ್ಡ ತೂತು. ಮೊಟ್ಟೆ ಆಳದಲ್ಲಿವೆ, ಮೂತಿ ಪೂರ್ತಿ ಹಾಕು."

ಅದು ಮುಳ್ಳುಹಂದಿ ದೊಡ್ಡಯ್ಯನ ಮನೆ. ಹಗಲೆಲ್ಲ ಬಾಗಿಲಿಗೆ ಬೆನ್ನು ಹಾಕಿ ಮಲಗುವುದು ಅವನ ಅಭ್ಯಾಸ.

ಮುಂದಿನದನ್ನು ಗುಳ್ಳಪ್ಪನೇ ನನಗೆ ಹೇಳಿದ. ಮೂತಿ ತುಂಬ ಮುಳ್ಳು ಇದ್ದುದರಿಂದ "ಅಯ್ಯಯ್ಯೋ" ಒಂದೇ ಸರಿಯಾಗಿ ಕೇಳಿಸಿತು. ಮತ್ತೆ ಅವನು ಆ ಹುತ್ತದ ಕಡೆ ತಲೆ ಹಾಕಲಿಲ್ಲ.

ಮಳೆ ಬಂದು ಹೋಯಿತು, ಚಳಿ ಬಂದು ಹೋಯಿತು. ಕೆಂಚವ್ವ ಹುತ್ತದ ಎದುರಿನ ಬಂಡೆ ಬಿಡಲಿಲ್ಲ. ಒಂದು ಬೆಳಿಗ್ಗೆ ಮಣ್ಣು ಬಿರಿದು ಹಳದಿ ಚುಕ್ಕೆಯ ಪುಟ್ಟ ಮೂತಿಯೊಂದು ಇಣುಕಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಉಡದ ಮರಿಗಳಿಗೆ ಅಮ್ಮನ ಗುರುತು ಇರುವುದಿಲ್ಲ. ಒಂದೂ ತಿರುಗಿ ನೋಡದೆ ಪೊದೆಗೆ ಓಡಿದವು.

ಕೆಂಚವ್ವ ನಾಲಿಗೆ ಚಾಚಿದಳು. ಈ ಸಲ ಗಾಳಿಯಲ್ಲಿದ್ದದ್ದು ತನ್ನದೇ ಮರಿಗಳ ವಾಸನೆ. ಗಾಳಿ ತಿರುಗುವವರೆಗೂ ಅವಳು ನಾಲಿಗೆ ಒಳಗೆಳೆದುಕೊಳ್ಳಲಿಲ್ಲ.

ನೀತಿ: ಹಂಬಲಿಸುವವರ ಬಳಿಗೆ ಮೋಸಗಾರ ಬಲ್ಲವನ ವೇಷದಲ್ಲಿ ಬರುತ್ತಾನೆ, ಅವನ ಸಿಹಿಮಾತು ನಂಬುವ ಮೊದಲು ಅವನ ವಿದ್ಯೆಯನ್ನು ಪರೀಕ್ಷಿಸಬೇಕು.