ಗಡಿಯ ಗಳ ಮತ್ತು ತಿರುಕಪ್ಪ

ದೇವರ ದಯದಿಂದ ಲೋಕದಲ್ಲಿ ಜಾಣರಿಗೇನೂ ಬರವಿಲ್ಲ. ಆದರೂ ಅವರ ಕೈಲಾಗದ ಒಂದು ಕೆಲಸ ಪೆದ್ದನೊಬ್ಬನ ಕೈಲಾಯಿತು. ಸಾವಕಾಶವಾಗಿ ಹೇಳುತ್ತೇನೆ, ಕೇಳಿ.

ಕಣಿವೆಬಾಯಿ ಎಂಬ ಊರಲ್ಲಿ ಗಂಗವ್ವನಿಗೆ ಒಬ್ಬನೇ ಮಗ, ತಿರುಕಪ್ಪ. ಅನ್ನ ಬೇಯುವತನಕ ಒಲೆ ಬಿಟ್ಟು ಏಳಬೇಡ ಎಂದರೆ ಅಕ್ಕಿ ಹಾಕುವುದಕ್ಕೂ ಏಳದವನು. ತಾಯಿ ದಿನಾ ದೀಪದ ಮುಂದೆ ಕಣ್ಣೀರಿಡುತ್ತಿದ್ದಳು.

ಊರು ಬಯಲ ಸೀಮೆಯದು. ಊರ ಕೆಳಗೇ ಗಡಿ, ಅದರಾಚೆ ಕಡಲ ಸೀಮೆ. ಇಲ್ಲಿಂದ ಜೋಳ ಹೋಗುತ್ತಿತ್ತು, ಅಲ್ಲಿಂದ ಉಪ್ಪು ಬರುತ್ತಿತ್ತು. ಎರಡು ಸೀಮೆಯ ಮಂತ್ರಿಗಳಿಗೂ ಸುಂಕದ ಜಗಳ ಹತ್ತಿ, ದಾರಿ ತಡೆಯಲು ಗಡಿಗೆ ಅಡ್ಡವಾಗಿ ಬಿದಿರ ಗಳ ಬಿತ್ತು. ಸರಕು ಹೊರುವ ಹೇರೆತ್ತುಗಳು ನಿಂತವು. ಎರಡು ತಿಂಗಳಿಂದ ಊರಿಗೆಲ್ಲ ಉಪ್ಪಿಲ್ಲದ ಗಂಜಿ. ರಾಜಿಗೆ ಹೋದ ಜಾಣರು ತಾವೂ ಜಗಳವಾಡಿ ಬಂದರು. ಕಡೆಗೆ ಹಿರಿಯರು, ವಾದ ಬಾರದವನೇ ವಾಸಿ ಎಂದು ತಿರುಕಪ್ಪನನ್ನು ಕಳಿಸಿದರು.

ದೊಡ್ಡವರ ಮುಂದೆ ತಲೆ ತಗ್ಗಿಸಿ ನಿಲ್ಲು ಎಂದಿದ್ದಳು ತಾಯಿ. ಕಡಲ ಮಂತ್ರಿಯ ಮುಂದೆ ಹಾಗೇ ನಿಂತ. ಮಂತ್ರಿ ಎದ್ದುಹೋದ ಮೇಲೂ ಖಾಲಿ ಪೀಠಕ್ಕೆ ತಗ್ಗಿಯೇ ನಿಂತಿದ್ದ.

"ಅಯ್ಯೋ ಮಂಕೇ, ಕೈ ಹಿಡಿದು ಕೇಳಿಕೊಳ್ಳಬೇಕಿತ್ತು. ಮಾತು ಮುಗಿಯುವತನಕ ಬಿಡಬಾರದಿತ್ತು. ಇನ್ನೊಂದು ಸಲ ಹೋಗು, ಊಟದ ಹೊತ್ತಿಗೆ ಮನೆಗೆ ಬಾ" ಎಂದಳು ತಾಯಿ, ಅವನು ಬರಿಗೈಲಿ ಮನೆಗೆ ಬಂದಾಗ.

ಮಾರನೆಯ ದಿನ ಮಂತ್ರಿಗಳಿಬ್ಬರೂ ಗಳದ ಆಚೆಗೊಬ್ಬರು ಈಚೆಗೊಬ್ಬರು ಕೂತು ಜಗಳಕ್ಕೆ ತೊಡಗಿದ್ದರು. ತಿರುಕಪ್ಪ ಹೋದವನೇ ಇಬ್ಬರ ಬಲಗೈಯನ್ನೂ ಹಿಡಿದ. ಬಿಡೋ ಎಂದರು.

"ಮಾತು ಮುಗೀತಾ, ಬುದ್ಧಿ?"

ಇಲ್ಲ ಎಂದರು. ಬಿಡಲಿಲ್ಲ. ಆಳುಗಳು ಎಳೆದರೂ ಬಿಡಲಿಲ್ಲ. ಹೊತ್ತು ನೆತ್ತಿಗೆ ಬಂತು. ಊಟದ ಹೊತ್ತಾಯಿತಲ್ಲ, ಇಬ್ಬರನ್ನೂ ಹಿಡಿದಂತೆಯೇ ಮನೆಗೆ ನಡೆಸಿಕೊಂಡು ಬಂದ.

ಗಂಗವ್ವ ಹಣೆ ಚಚ್ಚಿಕೊಂಡಳು. ಆದರೂ ಬಾಗಿಲಿಗೆ ಬಂದವರು ಅತಿಥಿಗಳು. ಬಲಗೈ ಬಿಡುವಿಲ್ಲದ ಮಂತ್ರಿಗಳಿಗೆ ತಾನೇ ಗಂಜಿ ಕುಡಿಸಿದಳು. ರಾಶಿ ರಾಶಿ ಉಪ್ಪಿನ ಒಡೆಯನಾದ ಕಡಲ ಮಂತ್ರಿಗೆ ಉಪ್ಪಿಲ್ಲದ ಆ ಗುಟುಕು ಗಂಟಲಲ್ಲಿ ಇಳಿಯಲಿಲ್ಲ.

"ನಿಮ್ಮ ಜನ ಇದನ್ನೇ ಉಣ್ಣುತ್ತಾರಾ?" ಎಂದು ಕೇಳಿದ.

"ನಿಮ್ಮವರಿಗೆ ಇಷ್ಟಾದರೂ ಜೋಳ ಉಂಟಾ?" ಎಂದ ಬಯಲ ಮಂತ್ರಿ.

ಇಬ್ಬರೂ ಸುಂಕ ಬಿಟ್ಟು ಗಳ ತೆಗೆಸುವುದೆಂದು ಒಪ್ಪಿ, ಅದನ್ನು ಕೀಳಲು ಆಗಲೇ ಆಳುಗಳನ್ನು ಗಡಿಗೆ ಓಡಿಸಿದರು. ಮಾತು ಮುಗಿಯಿತು, ತಿರುಕಪ್ಪ ಕೈ ಬಿಟ್ಟ.

"ದೊಡ್ಡವರನ್ನು ಹೀಗೆ ಎಳೆಯುತ್ತಾರೇನೋ? ಕಡಲ ಸೀಮೆಯ ಮಂತ್ರಿಯವರನ್ನಾದರೂ ಮರ್ಯಾದೆಯಿಂದ ಗಡಿಯ ಗಳದತನಕ ಬಿಟ್ಟು ಬಾ" ಎಂದು ಗಂಗವ್ವ ಮಗನನ್ನು ಗದರಿ ಕಳಿಸಿದಳು.

ಹೋದವನು ಬರಲಿಲ್ಲ. ಒಂಬತ್ತನೆಯ ದಿನ ಉಪ್ಪಿನ ಹೇರೆತ್ತುಗಳ ಹಿಂದೆ ಬಂದ. ಮೊಣಕಾಲತನಕ ಒಣಗಿದ ಬಿಳಿ ಉಪ್ಪು. ಎಲ್ಲಿ ಹಾಳಾಗಿದ್ದೆ ಎಂದು ಕೇಳಿದಳು ತಾಯಿ.

"ಸಮುದ್ರದೊಳಗೂ ಇಳಿದು ನೋಡಿದೆ ಕಣವ್ವ. ಗಳ ಎಲ್ಲೂ ಸಿಗಲಿಲ್ಲ."