ಬಡಿದು ನೋಡದ ಮಡಕೆ

ನಿಂಬೆಕ್ಕ ಮಠದ ಗುರುಗಳನ್ನು ಕೇಳಿದಳು: “ಅಜ್ಜಾರ, ನಾ ಇಳೀಬೇಕೋ, ಕುಂದರಬೇಕೋ?”

ಅವಳು ತನ್ನೂರಿನ ಮಹಿಳಾ ಸಂಘಕ್ಕೆ ಇಪ್ಪತ್ತು ವರ್ಷಗಳಿಂದ ಅಧ್ಯಕ್ಷೆ. ರೊಟ್ಟಿ ಮಾಡಿ ಮಾರುವ ಹತ್ತು ಹೆಂಗಸರಿಂದ ಶುರುವಾದ ಸಂಘ ಈಗ ನಾಲ್ಕು ಊರಿಗೆ ಹಬ್ಬಿತ್ತು. ಮುಂದಿನ ವಾರ ಅಧ್ಯಕ್ಷರ ಆಯ್ಕೆ. ಈ ಸಲ ಬೇರೆಯವರು ಬರಲಿ ಎಂದರೆ ಒಬ್ಬರೂ ಒಪ್ಪಿರಲಿಲ್ಲ.

“‘ನೀ ಇಲ್ಲಂದ್ರ ಮತ್ಯಾರದಾರ?’ ಅಂತಾರ ಎಲ್ಲಾರೂ,” ಎಂದಳು. ಹೇಳುವಾಗ ಅವಳ ಮುಖದಲ್ಲಿ ದಣಿವಿತ್ತು. ಸ್ವಲ್ಪ ನಗುವೂ ಇತ್ತು.

ಗುರುಗಳು ಆ ನಗುವನ್ನು ನೋಡಿದರು. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಹದಿನೆಂಟು ಕುಂಬಾರರ ಮನೆಗಳಿದ್ದವು. ಮಡಕೆ ಸುಡಲು ಮನೆಗೊಂದು ಆವಿಗೆ, ಮನೆಗೊಂದು ಬುದ್ಧಿ. ಸುಡುವಾಗ ಬಿರುಕು ಬಿಟ್ಟ ಮಡಕೆಗೆ ಕೆಮ್ಮಣ್ಣು ಸವರಿ ಸಂತೆಗೆ ಒಯ್ಯುವವರು ಕೆಲವರು. ಅವರ ದೆಸೆಯಿಂದ ಹೆಸರು ಕೆಟ್ಟದ್ದು ಎಲ್ಲರದು. ಮಡಕೆ ಕೊಳ್ಳುವವರು ಬೆರಳು ಮಡಚಿ ಬಡಿದು ನೋಡುತ್ತಾರೆ. ಗಟ್ಟಿ ಮಡಕೆ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ದೊಬ್ ಎನ್ನುತ್ತದೆ. ಈ ಊರಿನ ಮಡಕೆಯನ್ನು ಜನ ನಾಲ್ಕು ಸಲ ಬಡಿದು, ಆಮೇಲೂ ನಂಬದೆ, ಪಕ್ಕದ ಊರಿನವರ ಬಳಿಗೆ ಹೋಗುತ್ತಿದ್ದರು. ತಲೆಯ ಮೇಲೆ ಹೊತ್ತು ತಂದ ಮಡಕೆಗಳನ್ನು ಹೆಂಗಸರು ಹಾಗೆಯೇ ಹೊತ್ತುಕೊಂಡು ಹಿಂದಿರುಗುತ್ತಿದ್ದರು. ಮಡಕೆ ಮಾಡುವ ತಿಗರಿಯನ್ನು ಮೂಲೆಗೆ ತಳ್ಳಿ ಕಲ್ಲು ಒಡೆಯಲು ಹೋದ ಮನೆಗಳೂ ಇದ್ದವು.

ಆ ಊರಿನಲ್ಲಿ ಒಬ್ಬ ಕುಂಬಾರಗಿತ್ತಿ. ಗಂಡ ತೀರಿಕೊಂಡಿದ್ದ. ಅವಳ ಕಿವಿ ಬಲು ಚುರುಕು. ಮಡಕೆಯನ್ನು ಒಮ್ಮೆ ಬಡಿದರೆ ಸಾಕು, ಕಣ್ಣಿಗೆ ಕಾಣದ ಬಿರುಕು ಯಾವ ಮಗ್ಗುಲಲ್ಲಿದೆ ಎಂದು ಹೇಳುತ್ತಿದ್ದಳು. ಅವಳು ಮನೆಮನೆಗೂ ಹೋದಳು. ಎಲ್ಲರಿಗೂ ಒಂದೇ ಆವಿಗೆ ಇರಲಿ, ಸುಟ್ಟು ತೆಗೆದ ಪ್ರತಿ ಮಡಕೆಯನ್ನೂ ನಾನು ಬಡಿದು ನೋಡುತ್ತೇನೆ, ದೊಬ್ ಎಂದದ್ದನ್ನು ಅಲ್ಲೇ ಒಡೆಯೋಣ, ಯಾರ ಮನೆಯದಾದರೂ ಸರಿ ಎಂದಳು.

ಗಂಡಸರು ಎಂದಿನಂತೆ ಮೂಗು ಮುರಿದರು. ನಮ್ಮ ಮಡಕೆ ಒಡೆಯಲು ಇವಳಾರು ಎಂದರು. ಮೊದಲ ದಿನ ಅವಳು ಒಡೆದದ್ದು ತನ್ನ ಮನೆಯ ಏಳು ಮಡಕೆಗಳನ್ನು. ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ.

ಐದಾರು ವರ್ಷಗಳಲ್ಲಿ ಸಂತೆಯ ರೀತಿಯೇ ಬದಲಾಯಿತು. ಕೊಳ್ಳುವವರು ಊರಿನ ಹೆಸರು ಕೇಳುತ್ತಿದ್ದರು, ಬಡಿದು ನೋಡದೆ ಮಡಕೆ ಎತ್ತಿಕೊಂಡು ಹೋಗುತ್ತಿದ್ದರು. ಕುಂಬಾರನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಕಲ್ಲು ಒಡೆಯಲು ಹೋದವರು ಮರಳಿ ಬಂದು ತಿಗರಿ ತಿರುಗಿಸಿದರು. ಆವಿಗೆಗಾಗಿ ಒಂದಾದ ಜನ ಉಳಿದ ಕೆಲಸಕ್ಕೂ ಒಂದಾದರು. ಬಾವಿ ತೋಡಿದರು, ದಿಕ್ಕಿಲ್ಲದ ಮುದುಕಿಯರಿಗೆ ಒಂದು ಮನೆ ಕಟ್ಟಿದರು, ಮಕ್ಕಳಿಗೆ ಶಾಲೆ ತಂದರು. ಎಲ್ಲದಕ್ಕೂ ಮುಂದೆ ನಿಂತವಳು ಅವಳೇ. ಊರು ಅವಳನ್ನು ಅಕ್ಕ ಎಂದು ಕರೆಯಿತು. ಅವಳಿಗಿಂತ ಹಿರಿಯರೂ ಅಕ್ಕ ಎಂದರು.

ಒಮ್ಮೆ ಅಕ್ಕ ಜ್ವರ ಬಂದು ಮಲಗಿದಳು. ಸುಟ್ಟ ಮಡಕೆಗಳು ಎಂಟು ದಿನ ಆವಿಗೆಯ ಬಳಿಯೇ ಬಿದ್ದಿದ್ದವು. ಒಂದು ಸಂತೆ ತಪ್ಪಿಹೋಯಿತು. ಜನ ಬಂದು ಅವಳ ಹಾಸಿಗೆಯ ಸುತ್ತ ನಿಂತರು.

“ಅಕ್ಕಾ, ನೀ ಇಲ್ಲಂದ್ರ ಮತ್ಯಾರದಾರ?”

ಕಷಾಯ ಕುಡಿದರೂ ಏಳಲಾಗದಿದ್ದ ಅಕ್ಕ ಎದ್ದಳು. ಕಂಬಳಿ ಹೊದ್ದುಕೊಂಡೇ ಆವಿಗೆಗೆ ನಡೆದಳು.

ಆ ಊರಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಅಂದು ಅವಳ ಪಕ್ಕ ಕುಳಿತಳು. ನನಗೂ ಕಲಿಸಿ ಎಂದು ಕೇಳಿದಳು. “ನಾ ಇರೂತನಕ ನಿನಗ್ಯಾಕವ್ವಾ ಈ ತ್ರಾಸು?” ಎಂದು ಅಕ್ಕ ಅವಳ ತಲೆ ಸವರಿದಳು. ಪ್ರೀತಿಯಿಂದಲೇ ಹೇಳಿದಳು, ಅದರಲ್ಲಿ ಕಪಟವೇನೂ ಇರಲಿಲ್ಲ.

ವರ್ಷಗಳು ಕಳೆದವು. ಒಂದು ದಿನ ಆವಿಗೆಯಿಂದ ತೆಗೆದ ಮಡಕೆಗಳೆಲ್ಲ ದೊಬ್ ಎಂದವು. ಅಕ್ಕ ಒಂದೊಂದಾಗಿ ಒಡೆಯುತ್ತ ಹೋದಳು. ಸೊಸೆಗೆ ತಡೆಯಲಾಗಲಿಲ್ಲ. “ಅಕ್ಕಾ, ಇದು ಠಣ್ ಅಂತಲ್ಲ?” ಎಂದಳು. ಹಿರಿಯರು ಗದರಿದರು: “ಅಕ್ಕನ ಕಿವಿಗಿಂತ ನಿನ್ನ ಕಿವಿ ಹೆಚ್ಚಾತೇನು?” ತಿಂಗಳ ದುಡಿಮೆ ಚೂರಾಗುವುದನ್ನು ಹದಿನೆಂಟು ಮನೆಯವರೂ ಕೈಕಟ್ಟಿ ನೋಡಿದರು. ಅವಳ ಮೇಲಿನ ನಂಬಿಕೆ ಅಷ್ಟಿತ್ತು.

ಮನೆಗೆ ಹೋದ ಅಕ್ಕ ಕಾಳು ತುಂಬಿಡುವ ಹಳೆಯ ಗಡಿಗೆಯನ್ನು ಬರಿದು ಮಾಡಿ ಬಡಿದು ನೋಡಿದಳು. ಹತ್ತು ವರ್ಷಗಳಿಂದ ಬಳಸುತ್ತಿದ್ದ ಗಟ್ಟಿ ಗಡಿಗೆ. ಅದೂ ದೊಬ್ ಎಂದಿತು. ಕೆಟ್ಟದ್ದು ಮಡಕೆಯಲ್ಲ, ತನ್ನ ಕಿವಿ ಎಂದು ಆಗ ಅವಳಿಗೆ ತಿಳಿಯಿತು.

ಹೇಳಬಹುದಿತ್ತು, ಹೇಳಲಿಲ್ಲ. ಅವಳಿಗೆ ಭಯವಾಯಿತು. ಈ ಕಿವಿ ಇಲ್ಲದಿದ್ದರೆ ಊರಿಗೆ ತಾನು ಯಾರು ಎಂಬ ಭಯ. ಅಂದಿನಿಂದ ಬಡಿದಂತೆ ಮಾಡಿ, ಅಂಗೈಯಲ್ಲಿ ಸವರಿ, ಅಂದಾಜಿನ ಮೇಲೆ ಆರಿಸತೊಡಗಿದಳು. ಒಳ್ಳೆಯ ಮಡಕೆಯನ್ನು ಮತ್ತೆ ಒಡೆಯಲು ಕೈ ಬಾರದೆ ಬಹುಪಾಲನ್ನು ಸಂತೆಗೆ ಬಿಟ್ಟಳು. ಊರಿನವರಿಗೆ ಹಿಗ್ಗು. ಈಗೀಗ ಒಡೆಯುವ ಮಡಕೆಗಳೇ ಕಡಿಮೆಯಾಗಿವೆ, ಎಲ್ಲ ಅಕ್ಕನ ಕೈಗುಣ ಎಂದರು.

ಎರಡು ವರ್ಷದ ಮೇಲೆ ಅಕ್ಕ ಸಂತೆಗೆ ಹೋದಳು. ಒಬ್ಬ ಹೆಂಗಸು ಅವರ ಮಡಕೆಯೊಂದನ್ನು ಎತ್ತಿಕೊಂಡು ಊರು ಯಾವುದೆಂದು ಕೇಳಿದಳು. ಹೆಸರು ಹೇಳಿದ ಮೇಲೆ ಬೆರಳು ಮಡಚಿ ಬಡಿದಳು. ಅವಳ ಪಕ್ಕದವನೂ ಬಡಿದ. ಅವನ ಹಿಂದಿನವನೂ ಬಡಿದ. ಅಕ್ಕನಿಗೆ ಸದ್ದು ಕೇಳಿಸಲಿಲ್ಲ, ಬೆರಳುಗಳು ಕಂಡವು.

ಊರಿಗೆ ಬಂದವಳೇ ಎಲ್ಲರನ್ನೂ ಆವಿಗೆಯ ಮುಂದೆ ಸೇರಿಸಿದಳು. “ನನಗ ಕಿವಿ ಕೇಳಂಗಿಲ್ಲ. ಎರಡ ವರ್ಷಾತು,” ಎಂದಳು. ಆ ಸೊಸೆಯ ಕೈ ಹಿಡಿದು ತನ್ನ ಜಾಗದಲ್ಲಿ ಕೂರಿಸಿದಳು. ಅಷ್ಟು ಜನರ ಮುಂದೆ ಹಾಗೆ ಹೇಳಲು ಎದೆಗಾರಿಕೆ ಬೇಕು, ಆ ಮಟ್ಟಿಗೆ ಅವಳನ್ನು ಮೆಚ್ಚಲೇಬೇಕು.

ಸೊಸೆ ಒಂದೊಂದಾಗಿ ಬಡಿದು ನೋಡಿದಳು. ಠಣ್ ಎಂಬುದು ಅವಳಿಗೆ ತಿಳಿಯುತ್ತಿತ್ತು, ದೊಬ್ ಎಂಬುದೂ ತಿಳಿಯುತ್ತಿತ್ತು. ಆದರೆ ಕೂದಲೆಳೆಯಷ್ಟು ಬಿರುಕಿರುವ ಮಡಕೆಗೆ ಇವೆರಡರ ನಡುವಿನ ಒಂದು ಸದ್ದಿದೆ. ಸಂತೆಯಲ್ಲಿ ಯಾರಿಗೂ ಸಿಕ್ಕಿಬೀಳದೆ ಮನೆಯಲ್ಲಿ ಒಂದೇ ವಾರಕ್ಕೆ ಸೋರುವ ಮಡಕೆ ಅದು. ಆ ಸದ್ದನ್ನು ಬಲ್ಲವಳು ಊರಿಗೆಲ್ಲ ಅಕ್ಕ ಒಬ್ಬಳೇ. ಸೊಸೆ ಒಂದು ಮಡಕೆಯನ್ನು ಅವಳ ಕಿವಿಯ ಹತ್ತಿರ ಹಿಡಿದು ಬಡಿದಳು.

“ಅಕ್ಕಾ, ಆ ಸದ್ದು ಇದೇನ?”

ಅಕ್ಕ ಕಿವಿಯನ್ನು ಮಡಕೆಗೆ ಒತ್ತಿ ಹಿಡಿದಳು. ಸೊಸೆ ಇನ್ನೊಮ್ಮೆ ಬಡಿದಳು. ಅಕ್ಕ ಅತ್ತಳು. ಆ ಊರಿನ ಮಡಕೆಯನ್ನು ಜನ ಇಂದಿಗೂ ಬಡಿದೇ ಕೊಳ್ಳುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ನಿಂಬೆಕ್ಕ ಬೆರಳೆಣಿಸಿ ವರ್ಷಗಳ ಲೆಕ್ಕ ಹಾಕಿದಳು.

“ಕಿವಿ ಒಮ್ಮೆಲೇ ಹೋಗಂಗಿಲ್ಲಲ್ರಿ ಅಜ್ಜಾರ,” ಎಂದಳು. “ಆಕಿ ಕಿವಿ ಮಂದಾಗಾಕ ಹತ್ತಿದ್ದು ಯಾವಾಗ?”

“‘ನೀ ಇಲ್ಲಂದ್ರ ಮತ್ಯಾರದಾರ’ ಅನ್ನೂ ಮಾತು ಆಕಿಗೆ ಇಂಪಾಗಿ ಕೇಳಿಸಿದ ದಿನ,” ಎಂದರು ಗುರುಗಳು.