ಯುವರಾಣಿಯ ಕಾರಿನ ಹೊಸ ಮಿದುಳು

"ಕೇಳ್ರಪ್ಪೋ ಕೇಳಿ! ಯುವರಾಣಿ ಇಂದುಮತಿಯವರ ಓಟದ ಕಾರಿಗೆ ಹೊಸ ಪೆಟ್ಟಿಗೆ ಬಂದಿದೆ. ಅದನ್ನು ಕೂರಿಸುವವರು ಮೂರು ಒಗಟು ಬಿಡಿಸಬೇಕು. ಗೆದ್ದವರಿಗೆ ಕೇಳಿದ್ದು ಸಿಗುತ್ತದೆ. ಸೋತವರ ತಲೆ ಹೋಗುತ್ತದೆ!"

ಹೊನ್ನಗಟ್ಟಿಯಲ್ಲಿ ಡಂಗುರ ಹೊರಟಿತು. ಪೆಟ್ಟಿಗೆ ಎಂದರೆ ಇಂಜಿನ್ನಿನ ಮಿದುಳು. ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂದು ಅಪ್ಪಣೆ ಕೊಡುವುದು ಅದೇ. ಕಾರಿನ ಜೊತೆ ಬಂದದ್ದನ್ನು ಕಿತ್ತು, ಹೊರಗಿನವರು ಮಾಡಿದ ಚುರುಕಿನದನ್ನು ಹಾಕಿಸಿ, ನಾಳೆಯೇ ಬೆಟ್ಟದ ಓಟಕ್ಕೆ ಇಳಿಯುವುದು ಯುವರಾಣಿಯ ಆಸೆ.

ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುವ ಬೊಮ್ಮಯ್ಯ ಆಸ್ಥಾನಕ್ಕೆ ಬಂದ. ತಲೆಯ ಚಿಂತೆಗಿಂತ ಆ ಪೆಟ್ಟಿಗೆಯನ್ನೊಮ್ಮೆ ಮುಟ್ಟುವ ಆಸೆಯೇ ಅವನಿಗೆ ದೊಡ್ಡದಾಗಿತ್ತು.

"ಕುದುರೆಯಿಲ್ಲದೆ ಸವಾರನ ಕೈಚಳಕ ನೋಡುವುದು ಹೇಗೆ?" ಎಂದು ಮಹಾರಾಜರು ಮೊದಲ ಒಗಟು ಹಾಕಿದರು.

"ಆಗದು ಪ್ರಭು. ಕಾರಿಗೇ ಕೂರಿಸಿ ಓಡಿಸಿಬಿಡೋಣ" ಎಂದ ಸಾಲಿನಲ್ಲಿ ಮೊದಲಿದ್ದ ಸರದಾರ ರಣಧೀರ. ಭಟರು ಅವನ ರಟ್ಟೆ ಹಿಡಿದರು.

ಅವನ ಹಿಂದಿದ್ದ ನೆರೆರಾಜ್ಯದ ಪಂಡಿತ ಮೀಸೆಯಡಿ ನಕ್ಕ. "ಮೇಜಿನ ಮೇಲಿಟ್ಟು ನೋಡಬೇಕು."

"ಸರಿ. ಎರಡನೆಯದು: ಮೊದಲ ತುತ್ತಿಗೇ ಸಾಯಬಹುದಾದವನಿಗೆ ಬಡಿಸುವುದು ಹೇಗೆ?" ಎಂದರು ಮಹಾರಾಜರು.

"ಬ್ಯಾಟರಿಯಿಂದ ನೇರವಾಗಿ ಹೊಟ್ಟೆತುಂಬ ಬಡಿಸಿದರಾಯಿತು." ಪಂಡಿತನೂ ಭಟರ ಪಾಲಾದ.

ಬೊಮ್ಮಯ್ಯನ ಸರದಿ ಬಂತು. "ಬಾಯಲ್ಲಿ ಹೇಳಕ್ಕೆ ಬರಲ್ಲ ಬುದ್ಧಿ, ಮಾಡಿ ತೋರಿಸ್ತೀನಿ" ಎಂದು ಚೀಲ ಬಿಚ್ಚಿದ. ಹಲ್ಲಿನ ಚಕ್ರವೊಂದನ್ನು ಸಣ್ಣ ಮೋಟರಿಗೆ ಸಿಕ್ಕಿಸಿ, ಇಂಜಿನ್ ತಿರುಗುವುದನ್ನು ಎಣಿಸಿ ಪೆಟ್ಟಿಗೆಗೆ ತಿಳಿಸುವ ಸೆನ್ಸರನ್ನು ಅದರ ಮುಂದಿಟ್ಟ. ಪೆಟ್ರೋಲು ಚಿಮ್ಮಿಸಲು ಪೆಟ್ಟಿಗೆಯಿಂದ ಅಪ್ಪಣೆ ಹೊರಡುವ ತಂತಿಗಳಿಗೆ ನಾಲ್ಕು ಪುಟ್ಟ ಬಲ್ಬು ಕಟ್ಟಿದ.

"ಕುದುರೆ ಅಂದ್ರೆ ಇಂಜಿನ್ನು, ಸವಾರ ಅಂದ್ರೆ ಈ ಪೆಟ್ಟಿಗೆ. ಕುದುರೆ ಓಡ್ತಾ ಇದೆ ಅಂತ ಸವಾರನಿಗೆ ಸುಳ್ಳು ಹೇಳ್ಬೇಕು ಬುದ್ಧಿ. ಇನ್ನು ಊಟ, ಅಂದ್ರೆ ಕರೆಂಟು. ಬ್ಯಾಟರಿಗೂ ಪೆಟ್ಟಿಗೆಗೂ ನಡುವೆ ಈ ಹೆಡ್‌ಲೈಟ್ ಬಲ್ಬು. ಒಳಗೆ ಶಾರ್ಟ್ ಆಗಿದ್ರೆ ಬಲ್ಬೇ ಧಗ್ ಅಂತ ಉರಿಯುತ್ತೆ, ಪೆಟ್ಟಿಗೆ ಸುಡಲ್ಲ."

ದೊಡ್ಡ ಬಲ್ಬು ಮಂಕಾಗಿ ಕೆಂಪೇರಿತು, ಅಷ್ಟೇ. ಚಕ್ರ ತಿರುಗಿತು. ಪುಟ್ಟ ಬಲ್ಬುಗಳು ಒಂದರ ಹಿಂದೊಂದು ಮಿನುಗತೊಡಗಿದವು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬೊಮ್ಮಯ್ಯನಿಗೆ ಕುಣಿಯುವಷ್ಟು ಖುಷಿ.

ಮೂರನೆಯ ಒಗಟು ಯುವರಾಣಿಯದೇ. "ಎಲ್ಲರೂ ಭಲೇ ಎಂದವನನ್ನು ಎಲ್ಲಿಯವರೆಗೆ ನಂಬಬಾರದು?"

"ಮೈ ಬಿಸಿಯಾಗೋವರೆಗೂ, ಅಮ್ಮಾವ್ರೆ." ಬೊಮ್ಮಯ್ಯ ಹೆಗಲ ಕಂಬಳಿಯನ್ನು ಪೆಟ್ಟಿಗೆಗೆ ಹೊದಿಸಿ ಕೂತುಬಿಟ್ಟ.

ಒಂದು ತಾಸಾಯಿತು. ಬಲ್ಬುಗಳು ಚೆನ್ನಾಗಿಯೇ ಮಿನುಗುತ್ತಿದ್ದವು. ಮಹಾರಾಜರು ರೇಗಿದರು. "ಚೆನ್ನಾಗಿದೆ ಅನ್ನು, ಇಲ್ಲ ತಲೆ ಕೊಡು."

ಕತ್ತಿ ಕುತ್ತಿಗೆಗೆ ತಾಗಿತು. ಒಂದು 'ಹೂಂ' ಅಂದಿದ್ದರೆ ತಲೆ ಉಳಿಯುತ್ತಿತ್ತು. ಆದರೆ ನಾಳೆ ಆ ಕಾರಿನಲ್ಲಿ ಕೂರುವುದು ಎದುರಿನ ಪೀಠದಲ್ಲಿದ್ದ ಹುಡುಗಿ. "ಇನ್ನೂ ಗೊತ್ತಿಲ್ಲ ಬುದ್ಧಿ" ಎಂದ.

ಕತ್ತಿ ಮೇಲೆದ್ದಿತು. ಅಷ್ಟರಲ್ಲಿ ನಾಲ್ಕೂ ಬಲ್ಬು ಒಟ್ಟಿಗೆ ಆರಿಹೋದವು. ಚಕ್ರ ಮಾತ್ರ ತಿರುಗುತ್ತಲೇ ಇತ್ತು.

"ಒಳಗೆಲ್ಲೋ ಬೆಸುಗೆ ಸಡಿಲ. ತಣ್ಣಗಿದ್ದಾಗ ಕಚ್ಚಿಕೊಂಡಿರುತ್ತೆ, ಬಿಸಿಯಾದ್ರೆ ಬಿಟ್ಟುಕೊಳ್ಳುತ್ತೆ" ಎಂದ ಬೊಮ್ಮಯ್ಯ.

"ಒಂದು ತಾಸು" ಎಂದಳು ಯುವರಾಣಿ. ಅವಳ ಮುಖ ಬಿಳಚಿಕೊಂಡಿತ್ತು. "ಅಷ್ಟು ಹೊತ್ತಿಗೆ ನಾನು ಪ್ರಪಾತದ ಅಂಚಿನ ತಿರುವಿನಲ್ಲಿರುತ್ತಿದ್ದೆ." ಮಹಾರಾಜರ ಕಣ್ಣು ತುಂಬಿತು. ಅರ್ಧ ರಾಜ್ಯ ಬೇಕೇ ಎಂದು ಅವರು ಕೇಳಿದರು.

"ಆ ಸರದಾರರು, ಪಂಡಿತರು ಇಬ್ಬರ ತಲೆ ಉಳಿಸಿ ಬುದ್ಧಿ. ಆಮೇಲೆ ಈ ಕೆಟ್ಟ ಪೆಟ್ಟಿಗೆ ನನಗೆ ಕೊಡಿ, ಬೆಸುಗೆ ಎಲ್ಲಿ ಬಿಟ್ಟಿದೆ ಅಂತ ನೋಡ್ಬೇಕು."

ಯುವರಾಣಿ ಕೆಳಗಿಳಿದು ಬಂದು ಅವನೆದುರು ನೆಲದ ಮೇಲೆ ಕೂತಳು. "ಸ್ಕ್ರೂಡ್ರೈವರ್ ಕೊಡು ಬೊಮ್ಮಯ್ಯ. ನಾನೇ ಬಿಚ್ಚುತ್ತೇನೆ."